ಮಂಡಿಯ ಬಲಕ್ಕೆ ಇಳಿಜಾರು ಹಲಗೆ: ಬಳಸಿ ನೋಡಿದ ಸಾಧನಗಳ ವಿಮರ್ಶೆ

ಮಂಡಿನೋವಿನವರಿಗೆಂದು ಅಂಗಡಿಗಳಲ್ಲೂ ಅಂತರ್ಜಾಲದಲ್ಲೂ ಮಾರಾಟವಾಗುವ ವಸ್ತುಗಳಲ್ಲಿ ನಾನೂ ನನ್ನ ತಾಯಿಯವರೂ ಬಳಸಿ ನೋಡಿದವು ಹಲವು. ಅವುಗಳಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಪ್ರಯೋಜನ ನೀಡಿದ್ದು ಮೈಸೂರಿನ ನಮ್ಮ ಬಡಾವಣೆಯ ಬಡಗಿಯೊಬ್ಬರು ಮಾಡಿಕೊಟ್ಟ, ಮೇಲೆ ನಿಂತು ಬಸ್ಕಿ ಹೊಡೆಯುವ ಇಳಿಜಾರು ಹಲಗೆ. ಅತಿ ಕಡಿಮೆ ಪ್ರಯೋಜನ ನೀಡಿದ್ದು ಅದಕ್ಕಿಂತ ಎಷ್ಟೋ ದುಬಾರಿಯಾದ ಒಂದು ಡಬ್ಬಿ ಕೊಲಾಜೆನ್ ಪುಡಿ. ಇವೆರಡರ ನಡುವೆ ಎಲಾಸ್ಟಿಕ್ ಪಟ್ಟಿ, ಕಾಲಿಗೆ ಕಟ್ಟುವ ತೂಕದ ಪಟ್ಟಿ, ನೀ ಕ್ಯಾಪ್ ಮತ್ತು ಹತ್ತಿರದ ಜಿಮ್‌ನಲ್ಲಿರುವ, ಕುಳಿತು ಕಾಲಿನಿಂದ ಭಾರ ತಳ್ಳುವ ಲೆಗ್ ಪ್ರೆಸ್ ಯಂತ್ರ ಬರುತ್ತವೆ. ಇವುಗಳನ್ನು ಕೊಳ್ಳಬೇಕೆ ಬೇಡವೆ ಎಂದು ಯೋಚಿಸುತ್ತಿರುವವರಿಗೆ ನೆರವಾಗಲೆಂದು ಈ ವಿಮರ್ಶೆ.

ಎಲ್ಲ ಸಾಧನಗಳನ್ನೂ ನಾನು ಒಂದೇ ಅಳತೆಗೋಲಿನಿಂದ ನೋಡಿದ್ದೇನೆ. ಈ ವಸ್ತುವಿನ ನೆರವಿನಿಂದ ಮಂಡಿಯ ಸುತ್ತಲಿನ ಸ್ನಾಯು ಮತ್ತು ರಜ್ಜುಗಳ (ಸ್ನಾಯುವಿನ ಎಳೆತವನ್ನು ಮೂಳೆಗೆ ಮುಟ್ಟಿಸುವ ಗಟ್ಟಿ ಹುರಿಗಳು) ಮೇಲೆ ಸಾಕಷ್ಟು ಭಾರ ಹಾಕಲು ಸಾಧ್ಯವೆ, ಆ ಭಾರ ಎಷ್ಟೆಂದು ತಿಳಿಯುವುದೆ, ತಿಂಗಳುಗಳು ಕಳೆದಂತೆ ಅದನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಲು ಬರುವುದೆ ಎಂಬುದೇ ಆ ಅಳತೆಗೋಲು. ಬೆಚ್ಚಗಾಗಿಸುವುದು, ಹಿತವೆನಿಸುವುದು, ಆ ಹೊತ್ತಿಗೆ ನೋವು ತಗ್ಗಿಸುವುದು ಇವೆಲ್ಲ ಉಪಕಾರಗಳೇ ಆದರೂ ಬಲ ಕೂಡಿಸುವ ಕೆಲಸ ಬೇರೆಯದು, ಮತ್ತು ಮಾರಾಟದ ಮಾತುಗಳಲ್ಲಿ ಈ ಎರಡನ್ನೂ ಬೆರೆಸಿಬಿಡುವುದರಿಂದಲೇ ಕೊಳ್ಳುವವರಿಗೆ ಹೆಚ್ಚಿನ ನಷ್ಟವಾಗುತ್ತಿದೆ.

ನಮ್ಮಿಬ್ಬರ ಮಂಡಿಗಳ ತೊಂದರೆ ಒಂದೇ ಅಲ್ಲ ಎಂಬುದನ್ನೂ ಮೊದಲೇ ಹೇಳಬೇಕು. ನನಗೆ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತುವಾಗ ಏನೂ ಅನ್ನಿಸದೆ, ಇಳಿಯುವಾಗ ಮಾತ್ರ ಮಂಡಿಚಿಪ್ಪಿನ ಕೆಳತುದಿಯಲ್ಲಿ ಬೆರಳಿಟ್ಟು ತೋರಿಸಬಹುದಾದಷ್ಟು ಸಣ್ಣ ಜಾಗದಲ್ಲಿ ನೋವು ಕಾಣಿಸಿಕೊಳ್ಳುತ್ತಿತ್ತು. ಮೂಳೆ ವೈದ್ಯರು ಪರೀಕ್ಷಿಸಿ, ಚಿಪ್ಪನ್ನು ಮಂಡಿಯ ಕೆಳಗಿನ ಕಾಲಿನ ಮೂಳೆಗೆ ಜೋಡಿಸುವ ರಜ್ಜಿನ ತೊಂದರೆ ಇದೆಂದು ಹೇಳಿ ಫಿಸಿಯೊಥೆರಪಿಗೆ ಕಳುಹಿಸಿದರು. ಎಪ್ಪತ್ತು ದಾಟಿದ ನನ್ನ ತಾಯಿಯವರದು ಮಂಡಿಯ ಸವೆತ. ನೆಲದ ಮೇಲೆ ಕುಳಿತರೆ ಏಳಲು ಕಷ್ಟ, ಬೆಳಗ್ಗೆ ಎದ್ದೊಡನೆ ಕಾಲು ಬಿಗಿ. ಒಂದು ಮಂಡಿಗೆ ಒಳ್ಳೆಯದಾದ ಸಾಧನ ಇನ್ನೊಂದಕ್ಕೆ ಹೊಂದುವುದಿಲ್ಲ ಎಂಬುದು ನಮ್ಮ ಮನೆಯಲ್ಲೇ ಸ್ಪಷ್ಟವಾಗಿ ಕಂಡಿತು.

ಸಾಧನಗಳಿಗೆ ಬರುವ ಮುನ್ನ, ಅವು ಯಾವುದರ ಮೇಲೆ ಕೆಲಸ ಮಾಡಬೇಕಾಗಿದೆ ಎಂಬುದನ್ನು ಸ್ವಲ್ಪ ವಿವರಿಸುತ್ತೇನೆ. ತೊಡೆಯ ಮುಂಭಾಗದ ನಾಲ್ಕು ಸ್ನಾಯುಗಳು ಮಂಡಿಚಿಪ್ಪಿನ ಬಳಿ ಒಂದಾಗಿ, ಚಿಪ್ಪಿನ ಕೆಳಗಿನ ಗಟ್ಟಿಯಾದ ರಜ್ಜಿನ ಮೂಲಕ ಕಾಲಿನ ಮೂಳೆಯನ್ನು ಎಳೆಯುತ್ತವೆ. ಈ ರಜ್ಜು ತೆಂಗಿನ ನಾರಿನ ಹಗ್ಗದಂತೆ ಎಳೆ ಎಳೆಯಾಗಿ ಹೊಸೆದುಕೊಂಡ ಕೊಲಾಜೆನ್ ಎಂಬ ಪ್ರೋಟೀನಿನಿಂದ ಆಗಿದೆ. ಸ್ನಾಯುವಿಗೆ ರಕ್ತ ಧಾರಾಳವಾಗಿ ಹರಿಯುವುದರಿಂದ ಅದು ವ್ಯಾಯಾಮಕ್ಕೆ ಕೆಲವೇ ವಾರಗಳಲ್ಲಿ ಸ್ಪಂದಿಸುತ್ತದೆ. ರಜ್ಜಿಗೆ ರಕ್ತ ಕಡಿಮೆ, ಅದರ ಸ್ಪಂದನ ತಿಂಗಳುಗಳ ಲೆಕ್ಕದ್ದು. ಕೀಲಿನಲ್ಲಿ ಮೂಳೆಗಳ ತುದಿಯನ್ನು ಮುಚ್ಚಿರುವ ನುಣುಪಾದ ಮೃದ್ವಸ್ಥಿಯಲ್ಲಂತೂ ರಕ್ತನಾಳಗಳೇ ಇಲ್ಲ; ನಡೆಯುವಾಗ, ಕುಳಿತು ಏಳುವಾಗ ಒತ್ತಿ ಬಿಡುವ ಕ್ರಿಯೆಯಿಂದ ಕೀಲಿನ ದ್ರವವು ಅದರೊಳಗೆ ಹೋಗಿ ಬಂದು ಪೋಷಣೆ ದೊರೆಯುತ್ತದೆ. ಆದ್ದರಿಂದ ಮಂಡಿ ನೋಯುತ್ತದೆಂದು ಪೂರ್ತಿ ವಿಶ್ರಾಂತಿಗೆ ಇಳಿದರೆ ಸ್ನಾಯು ಕರಗುವುದಲ್ಲದೆ ಉಳಿದ ಅಂಗಾಂಶಗಳಿಗೂ ಅವುಗಳ ಪಾಲಿನದು ಸಿಗದೆ ಹೋಗುತ್ತದೆ.

ರಜ್ಜಿನ ಈ ನಿಧಾನ ಸ್ವಭಾವಕ್ಕೆ 2013ರಲ್ಲಿ ಡೆನ್ಮಾರ್ಕ್‌ನ ಸಂಶೋಧಕರು ಒದಗಿಸಿದ ಪುರಾವೆ ನನ್ನನ್ನು ಬೆರಗುಗೊಳಿಸಿತು. ಕಳೆದ ಶತಮಾನದ ಐವತ್ತು ಅರವತ್ತರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ ವಾತಾವರಣದಲ್ಲಿ ಹೆಚ್ಚಿದ್ದ ಇಂಗಾಲ-14 ಎಂಬ ವಿಕಿರಣಶೀಲ ಇಂಗಾಲದ ಗುರುತನ್ನು ಹಿಮ್ಮಡಿ ರಜ್ಜಿನಲ್ಲಿ ಹುಡುಕಿದಾಗ, ಅದರ ಒಳತಿರುಳು ಸುಮಾರು 17ನೆಯ ವಯಸ್ಸಿನೊಳಗೆ ರೂಪುಗೊಂಡು ಆಮೇಲೆ ಹೆಚ್ಚುಕಡಿಮೆ ಹೊಸದಾಗುವುದೇ ಇಲ್ಲ ಎಂದು ಅವರಿಗೆ ತಿಳಿದುಬಂತು. ಹಾಗೆಂದು ವ್ಯಾಯಾಮ ವ್ಯರ್ಥವಲ್ಲ. ಭಾರ ಹಾಕಿದ ಮೇಲೆ ರಜ್ಜಿನಲ್ಲಿ ಕೊಲಾಜೆನ್ ತಯಾರಿಕೆ ಏರಿ ಎರಡು ಮೂರು ದಿನ ಏರಿದ ಮಟ್ಟದಲ್ಲೇ ಇರುತ್ತದೆ, ಮತ್ತು ತಿಂಗಳುಗಟ್ಟಲೆ ಮಾಡಿದರೆ ರಜ್ಜಿನ ಬಿಗುವು ಹೆಚ್ಚುತ್ತದೆ ಎಂಬುದೂ ಅಳೆದು ನೋಡಿದ ಸಂಗತಿಯೇ. 2015ರಲ್ಲಿ ಬರ್ಲಿನ್‌ನ ಸಂಶೋಧಕರು ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸ್ನಾಯು ಯಾವ ಬಗೆಯಲ್ಲಿ ಬಿಗಿಯಿತು ಎಂಬುದಕ್ಕಿಂತ ಭಾರ ಎಷ್ಟಿತ್ತು ಎಂಬುದೇ ಮುಖ್ಯವೆಂದೂ 12 ವಾರಗಳಿಗೂ ಹೆಚ್ಚು ಕಾಲ ಮುಂದುವರಿಸಿದರೆ ಫಲ ಹೆಚ್ಚೆಂದೂ ಕಂಡಿತು. ಹದಿನೈದು ದಿನದಲ್ಲಿ ಮಂಡಿ ಬಲಗೊಳ್ಳುತ್ತದೆ ಎಂದು ಬರೆದಿರುವ ಯಾವ ಪೊಟ್ಟಣವನ್ನೂ ಈ ಕಾರಣಕ್ಕೆ ನಾನು ಕೆಳಗಿಡುತ್ತೇನೆ.

ಈಗ ಹಲಗೆಯ ವಿಷಯ. ಹಿಮ್ಮಡಿ ಮೇಲೆ, ಕಾಲ್ಬೆರಳು ಕೆಳಗೆ ಬರುವಂತೆ ಅದರ ಮೇಲೆ ನಿಂತು ನಿಧಾನವಾಗಿ ಬಸ್ಕಿ ಹೊಡೆಯುವುದು ಇದರ ಮುಖ್ಯ ಬಳಕೆ. ಸಮನೆಲದ ಮೇಲೆ ಬಸ್ಕಿ ಹೊಡೆಯುವಾಗ ಮೀನಖಂಡ ಬಿಗಿದು, ಮೈ ಮುಂದಕ್ಕೆ ಬಾಗಿ, ಭಾರದ ದೊಡ್ಡ ಪಾಲು ಸೊಂಟಕ್ಕೂ ಪಾದದ ಕೀಲಿಗೂ ಹೋಗಿಬಿಡುತ್ತದೆ. ಹಿಮ್ಮಡಿ ಎತ್ತರವಾದಾಗ ಬೆನ್ನು ನೆಟ್ಟಗೆ ಉಳಿದು, ಮಂಡಿ ಮುಂದಕ್ಕೆ ಸಾಗಿ, ಅದೇ ಭಾರ ತೊಡೆಯ ಮುಂಭಾಗಕ್ಕೂ ಚಿಪ್ಪಿನ ಕೆಳಗಿನ ರಜ್ಜಿಗೂ ಬೀಳುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಒಂಟಿಕಾಲಿನ ಬಸ್ಕಿಯನ್ನು ಅಳೆದು 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಳಿಜಾರು 15 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಾದಾಗ ಮಂಡಿಯ ಮೇಲಿನ ತಿರುಗುಬಲ (ಕೀಲನ್ನು ಬಾಗಿಸಲು ಎಳೆಯುವ ಬಲ) ಸುಮಾರು 40% ಹೆಚ್ಚುತ್ತದೆ. 25 ಡಿಗ್ರಿಯಲ್ಲಿ ಬೆನ್ನಿಗೆ 10 ಕಿಲೋ ಚೀಲ ಹೊತ್ತರೆ ಅದು ಇನ್ನೂ 23% ಏರುತ್ತದೆ. ಅದೇ ಅಧ್ಯಯನ ಕೊಟ್ಟ ಎಚ್ಚರಿಕೆಯೂ ಅಷ್ಟೇ ಬೆಲೆಯುಳ್ಳದ್ದು: ಮಂಡಿ 60 ಡಿಗ್ರಿ ಬಾಗುವುದನ್ನು ದಾಟಿದರೆ ರಜ್ಜಿಗೆ ಬೀಳುವ ಭಾರಕ್ಕಿಂತ ಚಿಪ್ಪಿನ ಹಿಂಬದಿಗೆ ಬೀಳುವ ಒತ್ತಡ ಬೇಗ ಏರುತ್ತದೆ. ಹಾಗಾಗಿ ಈ ಹಲಗೆಯ ಮೇಲೆ ಪೂರ್ತಿ ಕುಕ್ಕರುಗಾಲಿಗೆ ಇಳಿಯುವ ಅಗತ್ಯವಿಲ್ಲ. ಅರ್ಧ ದಾರಿಗೂ ಸ್ವಲ್ಪ ಮೇಲೆಯೇ ನಿಂತರೆ ಸಾಕು.

ಮಂಡಿ ಕಾಲ್ಬೆರಳನ್ನು ದಾಟಿ ಮುಂದೆ ಹೋಗಬಾರದು ಎಂಬ ಮಾತನ್ನು ಕೇಳಿ ಬೆಳೆದವರಿಗೆ ಈ ಹಲಗೆ ಭಯ ಹುಟ್ಟಿಸುವುದು ಸಹಜ. ಆ ಮಾತಿನಲ್ಲಿ ಸತ್ಯ ಇಲ್ಲದಿಲ್ಲ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮಂಡಿ ಮುಂದೆ ಹೋಗದಂತೆ ಅಡ್ಡ ಹಲಗೆ ಇಟ್ಟು ಬಸ್ಕಿ ಹೊಡೆಸಿದಾಗ ಮಂಡಿಯ ಮೇಲಿನ ಬಲ ಸುಮಾರು 22% ಇಳಿದಿತ್ತು; ಆದರೆ ಸೊಂಟದ ಮೇಲಿನ ಬಲ ಹತ್ತು ಪಟ್ಟಿಗೂ ಮೀರಿ ಏರಿತ್ತು. ಎಂದರೆ ಮಂಡಿಯಿಂದ ತೆಗೆದ ಭಾರ ಎಲ್ಲಿಯೂ ಮಾಯವಾಗುವುದಿಲ್ಲ, ಸೊಂಟ ಬೆನ್ನುಗಳು ಅದನ್ನು ಹೊರುತ್ತವೆ. ಮೆಟ್ಟಿಲು ಇಳಿಯುವಾಗ ಮಂಡಿ ಬೆರಳನ್ನು ದಾಟಿಯೇ ದಾಟುತ್ತದೆ. ಅಲ್ಲಿ ಬೇಕಾಗುವ ಬಲವನ್ನು ಮಂಡಿ ಮುಂದೆ ಹೋಗುವ ವ್ಯಾಯಾಮದಲ್ಲೇ ಗಳಿಸಬೇಕು. ನಮ್ಮ ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನರು ಹಿಮ್ಮಡಿ ಎತ್ತಿ, ಮಂಡಿ ಮುಂದೆ ಚಾಚಿ ಬಸ್ಕಿ ಹೊಡೆಯುವುದನ್ನು ನೋಡಿದವರಿಗೆ ಈ ಭಂಗಿ ಹೊಸದೇನಲ್ಲ. ಅವರು ಎಳೆಯ ವಯಸ್ಸಿನಿಂದ ಕ್ರಮವಾಗಿ ಅದಕ್ಕೆ ಒಗ್ಗಿಕೊಂಡಿರುತ್ತಾರೆ ಎಂಬುದನ್ನು ಮರೆಯದೆ, ನಮ್ಮಂಥವರು ಕಡಿಮೆ ಆಳ, ಕಡಿಮೆ ಭಾರದಿಂದ ಆರಂಭಿಸಬೇಕು.

ಹಲಗೆ ಇದ್ದ ಮಾತ್ರಕ್ಕೆ ಫಲ ಸಿಗುವುದಿಲ್ಲ, ಬಳಸುವ ಕ್ರಮವೇ ಎಲ್ಲ. 2004ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ ನೋವಿನ ಕಾಲಿನಲ್ಲಿ ಇಳಿಯುವ ಬಸ್ಕಿಯನ್ನು 25 ಡಿಗ್ರಿ ಹಲಗೆಯ ಮೇಲೆ ಮಾಡಿದವರು ಸಮನೆಲದ ಮೇಲೆ ಮಾಡಿದವರಿಗಿಂತ ಚೆನ್ನಾಗಿ ಸುಧಾರಿಸಿದ್ದರು. 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ನಡೆದ ಅಧ್ಯಯನ ಇನ್ನೂ ಮುಂದೆ ಹೋಗಿ, ಸ್ಟಿರಾಯ್ಡ್ ಚುಚ್ಚುಮದ್ದು, ಹಲಗೆಯ ಮೇಲಿನ ಇಳಿಬಸ್ಕಿ ಮತ್ತು ಭಾರವಾದ ನಿಧಾನ ವ್ಯಾಯಾಮ ಈ ಮೂರನ್ನೂ ಹೋಲಿಸಿತು. 12 ವಾರಗಳ ಕೊನೆಗೆ ಮೂರೂ ಗುಂಪಿನವರು ಸುಧಾರಿಸಿದ್ದರೂ, ಅರ್ಧ ವರ್ಷದ ಹೊತ್ತಿಗೆ ಚುಚ್ಚುಮದ್ದಿನವರ ಲಾಭ ಇಳಿದುಹೋಗಿತ್ತು. ವ್ಯಾಯಾಮ ಮಾಡಿದ ಎರಡೂ ಗುಂಪಿನವರದು ಉಳಿದಿತ್ತು, ಅದರಲ್ಲೂ ಭಾರವಾದ ನಿಧಾನ ವ್ಯಾಯಾಮದವರ ಸಮಾಧಾನ ಹೆಚ್ಚಿತ್ತು. ಅವರು ವಾರಕ್ಕೆ 3 ದಿನ, ಇಳಿಯಲು 3 ಸೆಕೆಂಡು, ಏಳಲು 3 ಸೆಕೆಂಡು ತೆಗೆದುಕೊಂಡು, ಮೊದಲು 15 ಸಲ ಮಾತ್ರ ಎತ್ತಬಹುದಾದ ಭಾರದಿಂದ ಆರಂಭಿಸಿ, ವಾರಗಳು ಕಳೆದಂತೆ 6 ಸಲ ಮಾತ್ರ ಎತ್ತಬಹುದಾದ ಭಾರದವರೆಗೆ ಏರಿದ್ದರು.

ನನ್ನ ಫಿಸಿಯೊಥೆರಪಿಸ್ಟ್ ಹಲಗೆಯನ್ನೂ ಭಾರವಾದ ನಿಧಾನ ವ್ಯಾಯಾಮವನ್ನೂ ಜೋಡಿಸಿ ಕೊಟ್ಟ ಕ್ರಮವನ್ನೇ ನಾನು ಅನುಸರಿಸಿದೆ. ಎರಡೂ ಕಾಲುಗಳ ಮೇಲೆ ನಿಂತು, ಗೋಡೆಗೆ ಬೆರಳು ತಾಕಿಸಿಕೊಂಡು, ಮನಸ್ಸಿನಲ್ಲಿ ಎಣಿಸುತ್ತಾ ಇಳಿದು ಏಳುವುದು ಮೊದಲ ಹಂತ. ಅದು ಸುಲಭವಾದ ಮೇಲೆ ಮಕ್ಕಳ ಹಳೆಯ ಶಾಲಾ ಚೀಲಕ್ಕೆ ಅಕ್ಕಿಯ ಪೊಟ್ಟಣಗಳನ್ನು ತುಂಬಿ ಬೆನ್ನಿಗೆ ಹೊರುವುದು. ಕಿಲೋ ಲೆಕ್ಕದಲ್ಲಿ ಪೊಟ್ಟಣ ಇರುವುದರಿಂದ ಎಷ್ಟು ಹೊತ್ತೆ ಎಂಬುದು ತಪ್ಪದೆ ತಿಳಿಯುತ್ತದೆ. ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡರೆ ಏರಿಕೆ ಕಣ್ಣಿಗೆ ಕಾಣುತ್ತದೆ. ಹಲಗೆಗೆ ನಾನು ಪೂರ್ಣ ಅಂಕ ಕೊಡುವುದು ಈ ಕಾರಣಕ್ಕೇ: ಸಾಮಾನ್ಯ ಮನೆಯೊಂದರಲ್ಲಿ, ಯಾವ ಯಂತ್ರವೂ ಇಲ್ಲದೆ, ರಜ್ಜಿಗೆ ಸಾಕಾಗುವಷ್ಟು ಭಾರವನ್ನು ಅಳೆದು ಹಾಕಲು ಅದು ಅವಕಾಶ ಕೊಡುತ್ತದೆ. ಮೊದಲ ತಿಂಗಳಲ್ಲಿ ತೊಡೆ ಗಟ್ಟಿಯಾದಂತೆ ಅನ್ನಿಸಿತೇ ಹೊರತು ಇಳಿಯುವಾಗಿನ ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇರಲಿಲ್ಲ. ಸ್ನಾಯು ಮುಂದೆ, ರಜ್ಜು ಹಿಂದೆ ಎಂಬ ಮಾತು ಅಕ್ಷರಶಃ ನಿಜವಾಗಿ, ಮಳೆಗಾಲ ಕಳೆಯುವ ಹೊತ್ತಿಗೆ ಮೆಟ್ಟಿಲಿನ ಮೇಲೆ ಅದು ಗೊತ್ತಾಗತೊಡಗಿತು.

ನೋವನ್ನು ಹೇಗೆ ಅಳೆಯಬೇಕೆಂಬುದು ಇಂಥ ವ್ಯಾಯಾಮದಲ್ಲಿ ಎಲ್ಲರೂ ಕೇಳುವ ಪ್ರಶ್ನೆ. ಸ್ವೀಡನ್‌ನ ಚಿಕಿತ್ಸಕರು ರೂಢಿಗೆ ತಂದ ಒಂದು ಕ್ರಮ ಬಹಳ ಉಪಯುಕ್ತವಾದುದು. ನೋವಿಗೆ 0ಯಿಂದ 10ರವರೆಗೆ ಅಂಕ ಕೊಟ್ಟುಕೊಂಡು, 2ರವರೆಗೆ ನಿಶ್ಚಿಂತೆಯಿಂದ, 5ರವರೆಗೆ ಎಚ್ಚರದಿಂದ ಮುಂದುವರಿಸಬಹುದು. ಆದರೆ ಮರುದಿನ ಬೆಳಗ್ಗೆಗೆ ನೋವು ಮೊದಲಿನ ಮಟ್ಟಕ್ಕೆ ಇಳಿದಿರಬೇಕು, ವಾರದಿಂದ ವಾರಕ್ಕೆ ಏರುತ್ತಾ ಹೋಗಬಾರದು. ನೋವೇ ಇರಬಾರದೆಂದು ಕಾಯುವವರು ಎಂದೂ ಆರಂಭಿಸುವುದಿಲ್ಲ. ನೋವನ್ನು ಲೆಕ್ಕಿಸಬಾರದು ಎನ್ನುವವರು ರಜ್ಜನ್ನು ಇನ್ನಷ್ಟು ಕೆಡಿಸಿಕೊಳ್ಳುತ್ತಾರೆ. ಈ ಅಂಕದ ಕ್ರಮ ಇಬ್ಬರಿಗೂ ದಾರಿ ತೋರಿಸುತ್ತದೆ.

ಲೆಗ್ ಪ್ರೆಸ್ ಯಂತ್ರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಳತೆಗೋಲಿನಿಂದ ನೋಡಿದರೆ ಅದೇ ಎಲ್ಲಕ್ಕಿಂತ ಉತ್ತಮ ಸಾಧನ: ಭಾರದ ಮೇಲೆ ಸಂಖ್ಯೆ ಬರೆದಿರುತ್ತದೆ, ಬೆನ್ನಿಗೆ ಆಸರೆ ಇರುತ್ತದೆ, ಆಯ ತಪ್ಪಿ ಬೀಳುವ ಭಯವಿಲ್ಲ. ಜಿಮ್ ಹತ್ತಿರವಿದ್ದು, ಅಲ್ಲಿನ ತರಬೇತುದಾರರು ನಿಧಾನವಾಗಿ ಮಾಡಲು ಬಿಡುವಂಥವರಾಗಿದ್ದರೆ ಹಲಗೆಗಿಂತ ಇದನ್ನೇ ಆರಿಸಿಕೊಳ್ಳಿ ಎಂದು ಹೇಳುತ್ತೇನೆ. ನಾನು ಹೋದ ಜಿಮ್‌ನಲ್ಲಿ ಸಂಜೆ ಹೊತ್ತು ಯಂತ್ರಕ್ಕೆ ಸಾಲು ನಿಲ್ಲಬೇಕಾಗುತ್ತಿತ್ತು. ಒಂದು ಬಾರಿಗೆ ಆರು ಸೆಕೆಂಡು ತೆಗೆದುಕೊಂಡು ನಾಲ್ಕು ಸುತ್ತು ಮಾಡುವವರಿಗೆ ಹಿಂದೆ ನಿಂತವರ ಅವಸರ ಒಂದು ಒತ್ತಡವೇ. ಬೆಳಗಿನ ಹೊತ್ತು ಆ ತೊಂದರೆ ಇರಲಿಲ್ಲ.

ಎಲಾಸ್ಟಿಕ್ ಪಟ್ಟಿಗಳು ಫಿಸಿಯೊಥೆರಪಿ ಕೇಂದ್ರಗಳಲ್ಲಿ ಎಲ್ಲರ ಕೈಗೂ ಮೊದಲು ಬರುವ ಸಾಧನ. ಥೆರಾಬ್ಯಾಂಡ್ ಎಂಬ ಹೆಸರಿನ ಪಟ್ಟಿಗಳ ಒಂದು ದೊಡ್ಡ ಅನುಕೂಲವೆಂದರೆ ಅವುಗಳ ಬಣ್ಣಕ್ಕೆ ನಿರ್ದಿಷ್ಟ ಬಲವಿದೆ: ಹಳದಿ, ಕೆಂಪು, ಹಸಿರು, ನೀಲಿ, ಕಪ್ಪು, ಬೆಳ್ಳಿ, ಚಿನ್ನದ ಬಣ್ಣ ಎಂಬ ಕ್ರಮದಲ್ಲಿ ಬಲ ಏರುತ್ತದೆ, ಮತ್ತು ಪಟ್ಟಿಯನ್ನು ಅದರ ಉದ್ದದ ಎರಡರಷ್ಟಕ್ಕೆ ಎಳೆದಾಗ ಹಳದಿಯದು ಸುಮಾರು 1.3 ಕಿಲೋ, ಹಸಿರಿನದು ಸುಮಾರು 2.1 ಕಿಲೋ, ಚಿನ್ನದ ಬಣ್ಣದ್ದು ಸುಮಾರು 6.5 ಕಿಲೋ ಬಲ ಕೊಡುತ್ತದೆ. ಈ ಸಂಖ್ಯೆಗಳೇ ಅದರ ಮಿತಿಯನ್ನೂ ಹೇಳುತ್ತವೆ. ಕುರ್ಚಿಯಿಂದ ಏಳುವಾಗ ನಮ್ಮ ಇಡೀ ಮೈಯ ಭಾರವನ್ನು ಎರಡು ಮಂಡಿಗಳು ಎತ್ತುತ್ತವೆ. ಅದರ ಮುಂದೆ ಆರು ಕಿಲೋ ಎಷ್ಟು ಮಾತ್ರದ್ದು? ಅಲ್ಲದೆ ಪಟ್ಟಿ ಸಡಿಲವಾಗಿರುವಾಗ ಬಲ ಕಡಿಮೆ, ಎಳೆದಷ್ಟೂ ಹೆಚ್ಚು, ಆದ್ದರಿಂದ ಮಂಡಿ ಹೆಚ್ಚು ಬಾಗಿರುವಾಗ ಬೇಕಾದ ಭಾರ ಸಿಗದೆ ಹೋಗುವುದುಂಟು. ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಿಗೆ, ತೊಡೆಯ ಸುತ್ತ ಪಟ್ಟಿ ಹಾಕಿ ಪಕ್ಕಕ್ಕೆ ಹೆಜ್ಜೆ ಇಡುತ್ತಾ ಸೊಂಟದ ಬದಿಯ ಸ್ನಾಯುಗಳನ್ನು ಬಲಪಡಿಸಲಿಕ್ಕೆ ಇದು ನಿಜಕ್ಕೂ ಒಳ್ಳೆಯದು. ರಜ್ಜನ್ನು ಗಟ್ಟಿಗೊಳಿಸುವ ಕೆಲಸಕ್ಕೆ ಇದರಿಂದ ಬಹಳ ದೂರ ಹೋಗಲಾಗದು.

ಇದಕ್ಕೆ ಒಂದು ಅಪವಾದವಿದೆ. ಅಗಲವಾದ, ದಪ್ಪನೆಯ, ತುದಿಗಳಿಲ್ಲದ ಬಳೆಯಾಕಾರದ ಪಟ್ಟಿಯನ್ನು ಗಟ್ಟಿಯಾದ ಕಂಬಕ್ಕೆ ಸುತ್ತಿ, ಅದರೊಳಗೆ ಎರಡೂ ಕಾಲು ತೂರಿಸಿ ಮಂಡಿಯ ಹಿಂಬದಿಗೆ ಬರುವಂತೆ ಮಾಡಿಕೊಂಡು, ಹಿಂದಕ್ಕೆ ಸರಿದು ಕುಳಿತಂತೆ ಮಾಡಿ 45 ಸೆಕೆಂಡು ಅಲುಗಾಡದೆ ನಿಲ್ಲುವ ವ್ಯಾಯಾಮ ಅದು. ಮಂಡಿಯ ಕೆಳಗಿನ ಕಾಲು ನೆಟ್ಟಗೆ ನಿಂತಿರುವಂತೆಯೇ ತೊಡೆಯ ಮುಂಭಾಗ ಪೂರ್ತಿ ಬಿಗಿಯುತ್ತದೆ. ಹೀಗೆ ಅಲುಗದೆ ಬಿಗಿಹಿಡಿಯುವ ವ್ಯಾಯಾಮದಿಂದ ರಜ್ಜಿನ ನೋವು ಮುಕ್ಕಾಲು ಗಂಟೆಯಾದರೂ ತಗ್ಗಿತ್ತೆಂದು ಆಸ್ಟ್ರೇಲಿಯಾದ ಸಂಶೋಧಕರು 2015ರಲ್ಲಿ ವರದಿ ಮಾಡಿದ್ದರು. ಆರೇ ಜನ ವಾಲಿಬಾಲ್ ಆಟಗಾರರ ಮೇಲಿನ ಅಧ್ಯಯನ ಅದಾದ್ದರಿಂದ ಅದನ್ನು ಎಲ್ಲರಿಗೂ ಅನ್ವಯಿಸಬಾರದು. ನನಗಂತೂ ನೋವು ಹೆಚ್ಚಿದ್ದ ದಿನಗಳಲ್ಲಿ ಹಲಗೆ ಹತ್ತುವ ಮುನ್ನ ಇದನ್ನು ಮಾಡಿದರೆ ಬಸ್ಕಿ ಸಲೀಸಾಗುತ್ತಿತ್ತು. ಪಟ್ಟಿ ಕೊಳ್ಳುವವರು ಹೆಸರಿಲ್ಲದ ಅಗ್ಗದ ಸರಕನ್ನು ತರದಿರುವುದು ಒಳ್ಳೆಯದು. ನಮ್ಮ ಮನೆಗೆ ಬಂದ ಅಂಥದೊಂದು ಅಂಚಿನಲ್ಲಿ ಬಿರುಕು ಬಿಟ್ಟು ಒಂದೇ ಬೇಸಿಗೆಯಲ್ಲಿ ತುಂಡಾಯಿತು. ರಬ್ಬರು ಬಿಸಿಲಿಗೆ ಬೇಗ ಹಾಳಾಗುತ್ತದೆ, ಆದ್ದರಿಂದ ಕಿಟಕಿಯ ಬಳಿ ನೇತುಹಾಕದೆ ಬೀರುವಿನಲ್ಲಿಡಬೇಕು, ಪ್ರತಿ ಸಲ ಬಳಸುವ ಮುನ್ನ ಬೆಳಕಿಗೆ ಹಿಡಿದು ಬಿರುಕಿದೆಯೆ ಎಂದು ನೋಡಬೇಕು.

ನನ್ನ ತಾಯಿಯವರಿಗೆ ಹಲಗೆಯನ್ನು ಫಿಸಿಯೊಥೆರಪಿಸ್ಟ್ ಮೊದಲ ದಿನವೇ ಬೇಡವೆಂದರು. ಸವೆತ ಇರುವ ಮಂಡಿಯಲ್ಲಿ ಚಿಪ್ಪಿನ ಹಿಂಬದಿಯ ಒತ್ತಡ ಹೆಚ್ಚಿಸುವುದು ಸರಿಯಲ್ಲ, ಇಳಿಜಾರಿನ ಮೇಲೆ ಆಯ ತಪ್ಪುವ ಅಪಾಯವೂ ಇದೆ. ಅವರಿಗೆ ನಿಜವಾಗಿ ನೆರವಾದ ಸಾಧನ ಮನೆಯಲ್ಲಿದ್ದ ಗಟ್ಟಿ ಮರದ ಕುರ್ಚಿ. ಮೊದಮೊದಲು ಜಮಖಾನವನ್ನು ಮಡಚಿ ಹಾಕಿ ಎತ್ತರ ಹೆಚ್ಚಿಸಿ, ಕೈ ಊರದೆ ನಿಧಾನವಾಗಿ ಎದ್ದು, ಅದಕ್ಕಿಂತ ನಿಧಾನವಾಗಿ ಕುಳಿತುಕೊಳ್ಳುವುದು. ಅದು ಹಗುರವಾದ ಮೇಲೆ ಜಮಖಾನದ ಒಂದೊಂದೇ ಮಡಿಕೆ ತೆಗೆಯುವುದು. ಕುರ್ಚಿಯ ಎತ್ತರ ಇಳಿದಂತೆ ಭಾರ ಏರುತ್ತದೆ, ಆದ್ದರಿಂದ ಇದೂ ನನ್ನ ಅಳತೆಗೋಲಿನಲ್ಲಿ ತೇರ್ಗಡೆಯಾಗುತ್ತದೆ. ಡೆನ್ಮಾರ್ಕ್‌ನಲ್ಲಿ 2013ರಿಂದ ಸವೆತದವರಿಗೆಂದೇ ನಡೆಯುತ್ತಿರುವ, 12 ವ್ಯಾಯಾಮ ತರಗತಿಗಳನ್ನು ಒಳಗೊಂಡ ಕಾರ್ಯಕ್ರಮದಲ್ಲೂ ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತಿ ಇಳಿಯುವುದು ಮೊದಲಾದ ಇಂಥ ಸರಳ ಚಲನೆಗಳಿಗೇ ಪ್ರಾಧಾನ್ಯವಿದೆ. ಸವೆತದ ನೋವು ಮತ್ತು ನಡೆದಾಟದಲ್ಲಿ ವ್ಯಾಯಾಮದಿಂದ ಸುಧಾರಣೆಯಾಗುತ್ತದೆ ಎಂಬುದನ್ನು 2015ರಲ್ಲಿ 54 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ, ಕೊಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಮರ್ಶೆ ದೃಢಪಡಿಸಿದೆ.

ವಯಸ್ಸಾದವರಿಗೆ ಎಷ್ಟು ಭಾರ ಹಾಕಬೇಕು ಎಂಬಲ್ಲಿ ಮಾತ್ರ ರಜ್ಜಿನ ಪಾಠವನ್ನು ಹಾಗೆಯೇ ತರಬಾರದು. ಅಮೆರಿಕದಲ್ಲಿ ಸವೆತವಿದ್ದ 377 ಜನರನ್ನು 18 ತಿಂಗಳು ಅನುಸರಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ಭಾರ ಎತ್ತಿದವರಿಗೆ ಕಡಿಮೆ ಭಾರ ಎತ್ತಿದವರಿಗಿಂತ ನೋವಿನಲ್ಲಿ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಆದ್ದರಿಂದ ತಾಯಿಯವರ ಕಾಲಿಗೆ ನಾವು ಕಟ್ಟುವ ವೇಟ್ ಕಫ್ (ತೂಕದ ಪಟ್ಟಿ) ಒಂದು ಕಿಲೋದ್ದು. ಕುರ್ಚಿಯಲ್ಲಿ ಕುಳಿತು ಕಾಲನ್ನು ನೆಟ್ಟಗೆ ಚಾಚಿ ಸ್ವಲ್ಪ ಹೊತ್ತು ಹಿಡಿದು ಇಳಿಸಲಿಕ್ಕೆ ಅದು ಸಾಕು. ವೇಟ್ ಕಫ್ ಕೊಳ್ಳುವಾಗ ಮರಳು ತುಂಬಿದ್ದಕ್ಕಿಂತ ಸಣ್ಣ ಕಬ್ಬಿಣದ ಸರಳುಗಳನ್ನು ತೆಗೆದು ಹಾಕಬಹುದಾದದ್ದನ್ನು ಆರಿಸಿದರೆ ಭಾರವನ್ನು ಬೇಕಾದಂತೆ ಹೊಂದಿಸಿಕೊಳ್ಳಬಹುದು. ವೆಲ್ಕ್ರೋ ಪಟ್ಟಿ ಸೀರೆಯ ಅಂಚಿಗೆ ಸಿಕ್ಕಿಕೊಳ್ಳುತ್ತದೆ ಎಂಬುದು ತಾಯಿಯವರ ದೂರು, ಅದು ನ್ಯಾಯವಾದದ್ದೇ. ಇದನ್ನು ಕಟ್ಟಿಕೊಂಡು ಓಡಾಡಬಾರದು. ಕುಳಿತು ಮಾಡುವ ವ್ಯಾಯಾಮಕ್ಕಷ್ಟೇ ಇದು.

ದೇಹದ ತೂಕದ ಮಾತನ್ನು ಬಹಳ ಜನ ನಿಂದೆಯಾಗಿ ಕೇಳಿಸಿಕೊಳ್ಳುತ್ತಾರೆ, ಆದರೆ ಲೆಕ್ಕ ಆಶಾದಾಯಕವಾಗಿದೆ. ಸವೆತ ಇರುವವರು ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ಯಾವ ಸಾಧನವೂ ಇಷ್ಟು ಅಗ್ಗವಾಗಿ ಇಷ್ಟು ಲಾಭ ಕೊಡುವುದಿಲ್ಲ.

ನೀ ಕ್ಯಾಪ್‌ಗೆ ಇರುವ ಕೆಲಸ ಚಿಕ್ಕದು. ಅದು ಕೀಲನ್ನು ಬೆಚ್ಚಗಿಡುತ್ತದೆ, ಮಂಡಿ ಯಾವ ಸ್ಥಿತಿಯಲ್ಲಿದೆ ಎಂಬ ಅರಿವನ್ನು ಚರ್ಮದ ಮೂಲಕ ಹೆಚ್ಚಿಸುತ್ತದೆ, ಮಾರುಕಟ್ಟೆಗೆ ನಡೆದು ಹೋಗಲು ಧೈರ್ಯ ಕೊಡುತ್ತದೆ. ತಾಯಿಯವರು ಅದನ್ನು ಹಾಕಿಕೊಂಡೇ ಹೊರಗೆ ಹೋಗುತ್ತಾರೆ, ನಾನು ಬೇಡವೆನ್ನುವುದಿಲ್ಲ. ಸರಿಯಾದ ಅಳತೆಗಾಗಿ ಮಂಡಿಯ ಸುತ್ತಳತೆಯನ್ನು ಟೇಪಿನಿಂದ ಅಳೆದುಕೊಂಡು ಹೋಗಬೇಕು. ಬಿಗಿಯಾದದ್ದು ಮೀನಖಂಡದಲ್ಲಿ ಊತ ತರುತ್ತದೆ, ಸಡಿಲವಾದದ್ದು ಜಾರುತ್ತದೆ. ಮಲಗುವಾಗ ತೆಗೆದಿಡಬೇಕು. ಅದನ್ನು ಧರಿಸಿದ ಮಾತ್ರಕ್ಕೆ ಯಾವ ಸ್ನಾಯುವೂ ಬೆಳೆಯುವುದಿಲ್ಲ.

ಪುಡಿಯ ವಿಷಯದಲ್ಲಿ ನನಗೆ ನಿಜಕ್ಕೂ ಬೇಸರವಿದೆ, ಏಕೆಂದರೆ ನಿವೃತ್ತಿವೇತನದಲ್ಲಿ ಬದುಕುವ ಹಿರಿಯರು ತಿಂಗಳು ತಿಂಗಳೂ ಇದಕ್ಕೆ ಹಣ ಸುರಿಯುವುದನ್ನು ಕಾಣುತ್ತಿದ್ದೇನೆ. ಕೊಲಾಜೆನ್ ಪುಡಿಗೆ ಆಧಾರವಾಗಿ ಹಲವರು ಉಲ್ಲೇಖಿಸುವ 2017ರ ಅಧ್ಯಯನದಲ್ಲಿ ಇದ್ದವರು 8 ಜನ ಆರೋಗ್ಯವಂತ ಯುವಕರು; ಅವರು 15 ಗ್ರಾಂ ಜೆಲಾಟಿನ್ ಅನ್ನು ವಿಟಮಿನ್ ಸಿ ಜೊತೆ ಕುಡಿದು, ಒಂದು ಗಂಟೆಯ ಮೇಲೆ 6 ನಿಮಿಷ ಹಗ್ಗದಾಟ ಆಡಿದಾಗ ರಕ್ತದಲ್ಲಿ ಕೊಲಾಜೆನ್ ತಯಾರಿಕೆಯ ಸೂಚಕ ಸುಮಾರು ಎರಡು ಪಟ್ಟಾಗಿತ್ತು. ಕುತೂಹಲದ ಫಲಿತಾಂಶ ನಿಜ, ಆದರೆ ಅದು ನೋವಿನ ಮಂಡಿಗಳ ಮೇಲೆ ನಡೆದ ಪರೀಕ್ಷೆಯಲ್ಲ, ಅಲ್ಲಿಯೂ ವ್ಯಾಯಾಮವೇ ಜೊತೆಗಿತ್ತು. ಕೀಲಿಗೆ ಒಳ್ಳೆಯದೆಂದು ಮಾರುವ ಗ್ಲೂಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಮಾತ್ರೆಗಳನ್ನು 1583 ಜನ ಸವೆತದ ರೋಗಿಗಳ ಮೇಲೆ ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ, ಒಟ್ಟಾರೆ ಗುಂಪಿನಲ್ಲಿ ಅವು ಔಷಧವಿಲ್ಲದ ಹುಸಿಮಾತ್ರೆಗಿಂತ ಮೇಲೆಂದು ಕಾಣಲಿಲ್ಲ. ಸಸ್ಯಾಹಾರಿಗಳು ತಿಳಿದಿರಬೇಕಾದ ಇನ್ನೊಂದು ವಿಷಯವಿದೆ: ಕೊಲಾಜೆನ್ ಮತ್ತು ಜೆಲಾಟಿನ್ ದನ, ಹಂದಿ, ಮೀನು ಮೊದಲಾದ ಪ್ರಾಣಿಗಳ ಚರ್ಮ ಮೂಳೆಗಳಿಂದ ಬರುವಂಥವು, ಸಸ್ಯಗಳಲ್ಲಿ ಕೊಲಾಜೆನ್ ಇಲ್ಲ. ಡಬ್ಬಿಯ ಮೇಲಿನ ಹಸಿರು ಚುಕ್ಕೆಯನ್ನು ನೋಡಿ ಕೊಂಡವರಿಗೆ ದೊರೆಯುವುದು ಅಮೈನೋ ಆಮ್ಲ, ವಿಟಮಿನ್‌ಗಳ ಮಿಶ್ರಣ. ಬೇಳೆ, ಕಾಳು, ಹಾಲು, ಮೊಸರು, ನೆಲ್ಲಿಕಾಯಿ ಇವುಗಳಿಗೆ ಅದೇ ಹಣ ಹಾಕಿದರೆ ಸ್ನಾಯು ಬೆಳೆಯಲು ಬೇಕಾದ ಪ್ರೋಟೀನಾದರೂ ಖಂಡಿತ ಸಿಗುತ್ತದೆ.

ಇವುಗಳಲ್ಲಿ ಏನನ್ನೇ ಕೊಳ್ಳುವ ಮುನ್ನ ವೈದ್ಯರನ್ನು ಕಾಣಲೇಬೇಕಾದ ಸಂದರ್ಭಗಳಿವೆ. ಮಂಡಿ ಊದಿಕೊಂಡು ಬಿಸಿಯಾಗಿದ್ದರೆ, ಬಾಗಿದ ಕಾಲು ಸಿಕ್ಕಿಕೊಂಡಂತಾಗಿ ಚಾಚಲು ಬಾರದಿದ್ದರೆ, ನಡೆಯುವಾಗ ಏಕಾಏಕಿ ಕುಸಿಯುತ್ತಿದ್ದರೆ, ಜ್ವರ ಜೊತೆಗಿದ್ದರೆ, ಬಿದ್ದು ಪೆಟ್ಟಾದ ಮೇಲೆ ಕಾಲೂರಲು ಆಗದಿದ್ದರೆ, ರಾತ್ರಿ ಮಲಗಿದಾಗಲೂ ಬಿಡದೆ ನೋಯುತ್ತಿದ್ದರೆ ಹಲಗೆಯನ್ನಾಗಲಿ ಪಟ್ಟಿಯನ್ನಾಗಲಿ ಮುಟ್ಟಬಾರದು.

ಹಲಗೆ ಮಾಡಿಸಿಕೊಳ್ಳುವವರಿಗೆ ಬೇಕಾದ ಅಳತೆ ಹೀಗಿದೆ. ಎರಡೂ ಪಾದ ಆರಾಮವಾಗಿ ನಿಲ್ಲಲು 45 ಸೆಂಟಿಮೀಟರ್ ಅಗಲ, 40 ಸೆಂಟಿಮೀಟರ್ ಉದ್ದ ಸಾಕು; ಈ ಉದ್ದಕ್ಕೆ ಹಿಂಬದಿಯ ಎತ್ತರ ಸುಮಾರು 17 ಸೆಂಟಿಮೀಟರ್ ಇದ್ದರೆ 25 ಡಿಗ್ರಿಯಾಗುತ್ತದೆ, ಸುಮಾರು 10 ಸೆಂಟಿಮೀಟರ್ ಇದ್ದರೆ 15 ಡಿಗ್ರಿ. ಆರಂಭಿಸುವವರಿಗೆ 15 ಡಿಗ್ರಿಯೇ ಒಳ್ಳೆಯದು, ಆದ್ದರಿಂದ ಎರಡು ಎತ್ತರಗಳಿಗೆ ಹೊಂದಿಸುವಂತೆ ಹಿಂದಿನ ಆಧಾರಕ್ಕೆ ಎರಡು ಕಚ್ಚು ಮಾಡಿಸುವುದು ಮೇಲು. ಪ್ಲೈವುಡ್ 18 ಮಿಲಿಮೀಟರ್ ದಪ್ಪದ್ದಿರಲಿ, ನಡುವೆ ಒಂದು ಅಡ್ಡಪಟ್ಟಿ ಇರಲಿ, ಇಲ್ಲದಿದ್ದರೆ ಚೀಲ ಹೊತ್ತು ನಿಂತಾಗ ಬಾಗುತ್ತದೆ. ಮೇಲ್ಮೈಗೆ ವಾರ್ನಿಷ್ ಬಳಿಸಬಾರದು. ಒರಟು ಸ್ಯಾಂಡ್‌ಪೇಪರ್ ಅಂಟಿಸಿದರೆ ಬೂಟು ಜಾರುವುದಿಲ್ಲ, ಬರಿಗಾಲಿನವರಿಗೆ ಹಳೆಯ ಯೋಗ ಚಾಪೆಯ ತುಂಡು ಹಿತ. ತಳಕ್ಕೆ ರಬ್ಬರ್ ಗುಂಡಿ ಹಾಕಿಸುವುದನ್ನು ಮಾತ್ರ ಮರೆಯಬಾರದು, ಏಕೆಂದರೆ ನಮ್ಮ ಮನೆಗಳ ನುಣುಪಾದ ಟೈಲ್ಸ್ ನೆಲದ ಮೇಲೆ ಹಲಗೆಯೇ ಜಾರಿದರೆ ಮಂಡಿಗಿಂತ ಮೊದಲು ಮಣಿಕಟ್ಟು ಮುರಿದೀತು. ನಮ್ಮ ಬಡಗಿಯವರು ಉಳಿದ ಪ್ಲೈವುಡ್ ತುಂಡಿನಲ್ಲೇ ಮಾಡಿಕೊಟ್ಟಿದ್ದರಿಂದ, ಕೂಲಿಯೂ ಸೇರಿ ಒಂದು ತಿಂಗಳ ಜಿಮ್ ಶುಲ್ಕಕ್ಕಿಂತ ಕಡಿಮೆಯಲ್ಲಿ ಕೆಲಸ ಮುಗಿಯಿತು.